ಜಾತ್ರೆಯ ತೊಟ್ಟಿಲನ್ನು ಮೊದಲು ಮಾಡಿದ್ದು ಯಾರು?

ಶಿರಸಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಈ ಸಲ ಮಾರಿಕಾಂಬಾ ಜಾತ್ರೆಯಲ್ಲಿ ಅಕ್ಕನ ಮಗನನ್ನು ಜೈಂಟ್ ವೀಲ್ ಹತ್ತಿಸಿದೆ. ಕೆಳಗೆ ಯಾರೋ ಹತ್ತುತ್ತಿದ್ದರು, ನಾವು ತುತ್ತತುದಿಯಲ್ಲಿ ತೂಗಾಡುತ್ತಾ ನಿಂತಿದ್ದೆವು. ಆಗಲೇ ಅವನು ಕೇಳಬೇಕೇ, "ಚಿಕ್ಕಿ, ಇದನ್ನ ಮೊದಲು ಮಾಡಿದ್ದು ಯಾರು?" ಅಂತ. ನಾನು ಕಣ್ಣು ಮುಚ್ಚಿ ಸರಳು ಹಿಡಿದುಕೊಂಡು ಕೂತಿದ್ದೆ, ಉತ್ತರ ಎಲ್ಲಿಂದ ಬರಬೇಕು!

ಇಳಿದ ಮೇಲೆ ಹುಡುಕಿದೆ. 1893, ಚಿಕಾಗೋ, ಫೆರಿಸ್ ಅಂತ ಬಂತು. ಮನೆಗೆ ಬಂದು ಹೇಳಿದರೆ ಅಮ್ಮಮ್ಮ ನಕ್ಕುಬಿಟ್ಟರು. ಅವರ ಅಜ್ಜಿಯ ಕಾಲದಲ್ಲೇ ಜಾತ್ರೆಗೆ ಮರದ ತೊಟ್ಟಿಲು ಬರುತ್ತಿತ್ತಂತೆ. ನಾಲ್ಕೇ ನಾಲ್ಕು ಪೆಟ್ಟಿಗೆ, ಇಬ್ಬರು ಗಂಡಸರು ಕೈಯಲ್ಲೇ ತಿರುಗಿಸುವುದು. "ಅದನ್ನ ಯಾವ ಅಮೇರಿಕದವ ಬಂದು ಮಾಡಿಕೊಟ್ಟ?" ಅಂತ ಕೇಳಿದರು. ಈಗ ಹುಡುಗನಿಗೆ ಏನು ಹೇಳಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.

ಪಂಪ್‌ಸೆಟ್_ಪರಮೇಶಿ:
ಅದು ಜೈಂಟ್ ಅಲ್ಲ ಕಣ್ರೀ, ಜಾಯಿಂಟ್ ವೀಲು. ನಮ್ಮ ತಾಲ್ಲೂಕಲ್ಲಿ ಬೋರ್ಡಲ್ಲೇ ಹಾಗೆ ಬರೆದಿರುತ್ತಾರೆ 😀

ಹಳೇ_ಕಬ್ಬಿಣ:
ಪರಮೇಶಿಯವರೇ, ನಗಬೇಡಿ. ಬಿಚ್ಚಿ ಲಾರಿಗೆ ಹಾಕಿ, ಮುಂದಿನ ಊರಲ್ಲಿ ಮತ್ತೆ ಜೋಡಿಸುವ ಚಕ್ರಕ್ಕೆ ಜಾಯಿಂಟ್ ಅನ್ನುವ ಹೆಸರೇ ಸರಿ. ಆ ಜಾಯಿಂಟಿನ ಕಥೆಗೆ ಆಮೇಲೆ ಬರುತ್ತೇನೆ.

ತಂಗಿ, ನಿನ್ನ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಇಲ್ಲ. ಫೆರಿಸ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವನು ನನ್ನ ಕಸುಬಿನವನು. ನಾನು ಮೂವತ್ತು ವರ್ಷ ಮಾಡಿದ್ದು ಉಕ್ಕಿನ ತಪಾಸಣೆ. ಸೇತುವೆಗೆ ಬರುವ ಉಕ್ಕು ಸರಿ ಇದೆಯೋ ಇಲ್ಲವೋ ನೋಡಿ ಸಹಿ ಹಾಕುವ ಕೆಲಸ. ಫೆರಿಸ್ ಪಿಟ್ಸ್‌ಬರ್ಗಿನಲ್ಲಿ ಕಂಪನಿ ಇಟ್ಟುಕೊಂಡು ಮಾಡುತ್ತಿದ್ದದ್ದೂ ಅದನ್ನೇ. ಆಟದ ಸಾಮಾನು ಮಾಡುವವನಲ್ಲ ಅವನು.

ಜಾರ್ಜ್ ವಾಷಿಂಗ್ಟನ್ ಗೇಲ್ ಫೆರಿಸ್, ಜೂನಿಯರ್. ಹುಟ್ಟಿದ್ದು 1859ರಲ್ಲಿ ಇಲಿನಾಯ್‌ನ ಗೇಲ್ಸ್‌ಬರ್ಗಿನಲ್ಲಿ. ಐದು ವರ್ಷದವನಿದ್ದಾಗ ಮನೆಯವರು ನೆವಾಡಾಕ್ಕೆ ಹೋದರು. ಅಲ್ಲಿ ಕಾರ್ಸನ್ ನದಿಯ ನೀರೆತ್ತುವ ಚಕ್ರವನ್ನು ಹುಡುಗ ಗಂಟೆಗಟ್ಟಲೆ ನೋಡುತ್ತಾ ನಿಲ್ಲುತ್ತಿದ್ದನಂತೆ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ದೊಡ್ಡವರಾದವರ ಬಾಲ್ಯಕ್ಕೆ ಇಂಥ ಕಥೆ ಅಂಟಿಕೊಳ್ಳುವುದು ಇದ್ದದ್ದೇ ಅಲ್ವಾ. 1881ರಲ್ಲಿ ಟ್ರಾಯ್ ಊರಿನ ರೆನ್ಸಲೇರ್ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಓದು ಮುಗಿಸಿದ.

ಪ್ಯಾರಿಸ್ಸಿನವರು 1889ರ ಮೇಳಕ್ಕೆ ಐಫೆಲ್ ಗೋಪುರ ಎಬ್ಬಿಸಿ ಕೂತಿದ್ದರು. ಅಮೇರಿಕದವರಿಗೆ ಹೊಟ್ಟೆ ಉರಿ. ಕೊಲಂಬಸ್ ಬಂದು 400 ವರ್ಷ ಆದದ್ದಕ್ಕೆ ಚಿಕಾಗೋದಲ್ಲಿ ಮೇಳ ಮಾಡಲು ಹೊರಟಿದ್ದರು. ಮೇಳದ ಕಟ್ಟಡಗಳ ಜವಾಬ್ದಾರಿ ಡೇನಿಯಲ್ ಬರ್ನಮ್ ಎಂಬುವವರದ್ದು. ಅವರು ಎಂಜಿನಿಯರುಗಳ ಒಂದು ಕೂಟದಲ್ಲಿ ಚೆನ್ನಾಗಿ ಬೈದರು: ಕಟ್ಟಡದವರು ಹೆಸರು ಮಾಡಿದರು, ನೀವೇನು ಮಾಡಿದಿರಿ ಅಂತ. ಬಂದ ಯೋಜನೆಗಳೆಲ್ಲ ಬರೀ ಗೋಪುರಗಳು, ಐಫೆಲ್‌ಗಿಂತ ಒಂದಿಷ್ಟು ಎತ್ತರ, ಅಷ್ಟೇ. ಆ ಕೂಟದಲ್ಲಿ ಫೆರಿಸ್ ಇದ್ದ. ಆಮೇಲೆ ಒಂದು ಊಟದ ಹೊತ್ತಿನಲ್ಲಿ ಕಾಗದದ ಮೇಲೆ ಚಕ್ರ ಗೀಚಿದ, ಎಷ್ಟು ಡಬ್ಬಿ, ಟಿಕೆಟ್ ಎಷ್ಟು ಎಲ್ಲ ಅಲ್ಲೇ ಬರೆದ ಅಂತ ಅವನೇ ಹೇಳಿಕೊಂಡಿದ್ದಾನೆ.

ಮೇಳದವರು ಮೊದಲು ನಂಬಲಿಲ್ಲ. ಅಷ್ಟು ತೆಳ್ಳಗಿನ ಕಡ್ಡಿಗಳ ಮೇಲೆ ಅಷ್ಟು ದೊಡ್ಡ ಚಕ್ರ ಹೇಗೆ ನಿಲ್ಲುತ್ತದೆ? ಅನುಮತಿ ಕೊಟ್ಟು, ಮತ್ತೆ ಕಿತ್ತುಕೊಂಡರು. ಇವನು ಕೈಯಿಂದ 25,000 ಡಾಲರ್ ಹಾಕಿ ಪೂರ್ತಿ ನಕ್ಷೆ ಮಾಡಿಸಿದ. ಕೊನೆಗೆ ಒಪ್ಪಿಗೆ ಸಿಕ್ಕಿದ್ದು 1892ರ ಡಿಸೆಂಬರ್ 16ಕ್ಕೆ. ಮೇಳ ಶುರುವಾಗುವುದು ಮೇ 1ಕ್ಕೆ. ಕೈಯಲ್ಲಿ ಇದ್ದದ್ದು ನಾಲ್ಕೂವರೆ ತಿಂಗಳು, ಅದೂ ಚಿಕಾಗೋದ ಚಳಿಗಾಲ. ನಮ್ಮಲ್ಲಿ ಒಂದು ಬಸ್‌ಸ್ಟಾಂಡಿನ ಶೆಡ್ಡಿಗೂ ಅಷ್ಟರಲ್ಲಿ ಟೆಂಡರ್ ಆಗುವುದಿಲ್ಲ.

ಶಿರಸಿ_ಹುಡುಗಿ:
ಅಬ್ಬಾ. ಆಮೇಲೆ?

ಹಳೇ_ಕಬ್ಬಿಣ:
ಹೇಳುತ್ತೇನೆ, ಕಾಫಿ ಕುಡಿದು ಬಂದೆ.

ನೆಲ ಮೂರು ಅಡಿ ಆಳದವರೆಗೆ ಹೆಪ್ಪುಗಟ್ಟಿತ್ತು. ಅದರ ಕೆಳಗೆ ಕಾಲಿಟ್ಟರೆ ಹೂತುಹೋಗುವ ಉಸುಕು. ಹಬೆ ಬಿಟ್ಟು ಮಂಜು ಕರಗಿಸಿ, ಪಂಪು ಹಚ್ಚಿ ನೀರು ಎತ್ತಿ, ಮರದ ಕಂಬ ಇಳಿಸಿ, ಅದರ ಮೇಲೆ ಕಾಂಕ್ರೀಟು. ಹಾಕಿದ ಕಾಂಕ್ರೀಟು ಹೆಪ್ಪುಗಟ್ಟದ ಹಾಗೆ ಅದಕ್ಕೂ ಹಬೆ. ಸ್ಥಳದಲ್ಲಿ ನಿಂತು ಇದನ್ನೆಲ್ಲ ಮಾಡಿಸಿದವನು ಲೂಥರ್ ರೈಸ್.

ಅಚ್ಚಿನ ಲೆಕ್ಕ ಕೇಳಿ. ಬೆತ್ಲೆಹೆಮ್ ಐರನ್ ಕಂಪನಿಯವರು ಬಡಿದು ಮಾಡಿಕೊಟ್ಟದ್ದು. ಉದ್ದ 45 ಅಡಿ ಚಿಲ್ಲರೆ, ದಪ್ಪ 33 ಅಂಗುಲ, ತೂಕ 89,320 ಪೌಂಡ್. ಅಂದರೆ 40 ಟನ್ನಿಗೂ ಜಾಸ್ತಿ, ಒಂದೇ ತುಂಡು. ಒಂದೇ ತುಂಡಾಗಿ ಅಷ್ಟು ದೊಡ್ಡ ಉಕ್ಕನ್ನು ಆ ಕಾಲದವರು ಬಡಿದಿರಲಿಲ್ಲ. ಅದನ್ನು 140 ಅಡಿ ಎತ್ತರದ ಎರಡು ಗೋಪುರಗಳ ತಲೆಯ ಮೇಲೆ ಕೂರಿಸಬೇಕಿತ್ತು. ಕೂರಿಸಿದರು. ಆ ದಿನ ಕೆಳಗೆ ನಿಂತವರ ಎದೆ ಹೇಗೆ ಬಡಿದುಕೊಂಡಿರಬೇಕು ಅಂತ ನನಗೆ ಊಹೆ ಇದೆ. ಹದಿನೆಂಟು ಟನ್ನಿನ ಗರ್ಡರ್ ಎತ್ತುವಾಗಲೇ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಚಕ್ರದ ಅಡ್ಡಳತೆ 250 ಅಡಿ, ನೆಲದಿಂದ ತುದಿಗೆ 264 ಅಡಿ. 36 ಡಬ್ಬಿಗಳು. ಡಬ್ಬಿ ಅಂದರೆ ನಮ್ಮ ಜಾತ್ರೆಯ ತೊಟ್ಟಿಲಲ್ಲ, ಒಂದೊಂದೂ ಬಸ್ಸಿನಷ್ಟು. 40 ತಿರುಗುವ ಕುರ್ಚಿ, 60 ಜನ ಹಿಡಿಯುತ್ತಿದ್ದರು. ಎಲ್ಲ ತುಂಬಿದರೆ 2,160 ಜನ ಒಟ್ಟಿಗೆ ಗಾಳಿಯಲ್ಲಿ. ಓಡಿಸಲು ಸಾವಿರ ಕುದುರೆ ಶಕ್ತಿಯ ಹಬೆ ಎಂಜಿನ್ ಒಂದು, ಅದು ಕೆಟ್ಟರೆ ಅಂತ ಅಂಥದ್ದೇ ಇನ್ನೊಂದು. ನಿಲ್ಲಿಸಲು ರೈಲಿಗೆ ಹಾಕುವ ವೆಸ್ಟಿಂಗ್‌ಹೌಸ್ ಗಾಳಿ ಬ್ರೇಕು. ಮೈತುಂಬ 3,000 ವಿದ್ಯುತ್ ದೀಪ.

ಮೇ 1ಕ್ಕೆ ಮುಗಿಯಲಿಲ್ಲ. ಜೂನ್ 9ರ ಸಂಜೆ ಡಬ್ಬಿಗಳಿಲ್ಲದ ಬರೀ ಚಕ್ರವನ್ನು ಮೊದಲ ಸಲ ತಿರುಗಿಸಿದರು. ತಿರುಗಲು ಶುರುವಾದ ಕೂಡಲೇ ಮೇಲಿನಿಂದ ನಟ್ಟು ಬೋಲ್ಟುಗಳ ಮಳೆ! ಕೆಲಸಗಾರರು ಮೇಲೆ ಮರೆತಿದ್ದ ಸ್ಪ್ಯಾನರುಗಳೂ ಬಿದ್ದವು. ಚಕ್ರಕ್ಕೆ ಏನೂ ಆಗಿರಲಿಲ್ಲ. ಎರಡು ದಿನ ಬಿಟ್ಟು ಒಂದು ಡಬ್ಬಿ ಕಟ್ಟಿ ಸುತ್ತು ಹಾಕಿದರು. ಅದರಲ್ಲಿ ಫೆರಿಸ್‌ನ ಹೆಂಡತಿ ಮಾರ್ಗರೆಟ್ ಕೂತಿದ್ದರು. ಗಂಡ ಆಗ ಪಿಟ್ಸ್‌ಬರ್ಗಿನಲ್ಲಿದ್ದ.

ಜನರಿಗೆ ತೆರೆದದ್ದು ಜೂನ್ 21. ಆಗ ಅಮೇರಿಕದಲ್ಲಿ ಅರೆಹುಚ್ಚನಿಗೆ 'ತಲೆಯಲ್ಲಿ ಚಕ್ರ ತಿರುಗುತ್ತಿದೆ' ಅನ್ನುತ್ತಿದ್ದರು. ಆ ದಿನ ಫೆರಿಸ್ ಅದನ್ನೇ ಹಿಡಿದು, ತಲೆಯಲ್ಲಿದ್ದ ಚಕ್ರವನ್ನು ಹೊರಗೆ ತಂದು ನಿಲ್ಲಿಸಿದ್ದೇನೆ ಅಂತ ಭಾಷಣದಲ್ಲಿ ತಮಾಷೆ ಮಾಡಿದ.

ಕಡಲ_ಏಡಿ:
ಮಾರಾಯ್ರೇ, ಎಲ್ಲ ಸರಿ. ಆದರೆ ಸೋಮರ್ಸ್ ಹೆಸರು ಯಾಕೆ ಬರಲಿಲ್ಲ? ಫೆರಿಸ್‌ಗಿಂತ ಒಂದು ವರ್ಷ ಮೊದಲು, 1892ರಲ್ಲೇ, ವಿಲಿಯಂ ಸೋಮರ್ಸ್ ಎಂಬುವವರು 50 ಅಡಿಯ ಮೂರು ಮರದ ಚಕ್ರ ನಿಲ್ಲಿಸಿ ಆಗಿತ್ತು. ಅಟ್ಲಾಂಟಿಕ್ ಸಿಟಿಯಲ್ಲಿ ಒಂದು, ಆಸ್ಬರಿ ಪಾರ್ಕಿನಲ್ಲಿ ಒಂದು, ಕೋನಿ ಐಲೆಂಡಿನಲ್ಲಿ ಒಂದು. ಮೂರೂ ಕಡಲ ದಂಡೆಯ ಊರುಗಳು. 1893ರ ಜನವರಿಯಲ್ಲಿ ಪೇಟೆಂಟೂ ಸಿಕ್ಕಿತು. ಫೆರಿಸ್ ಅಟ್ಲಾಂಟಿಕ್ ಸಿಟಿಗೆ ಹೋಗಿ ಆ ಚಕ್ರದಲ್ಲಿ ಕೂತು ಬಂದಿದ್ದ. ನೋಡಿ ಬಂದು ದೊಡ್ಡದು ಮಾಡಿದ, ಹೆಸರು ತನ್ನದು ಇಟ್ಟುಕೊಂಡ. ಇದಕ್ಕೆ ನಮ್ಮೂರಲ್ಲಿ ಬೇರೆ ಶಬ್ದ ಉಂಟು.

ಹಳೇ_ಕಬ್ಬಿಣ:
ಏಡಿಯವರೇ, ಸೋಮರ್ಸ್ ಕೋರ್ಟಿಗೂ ಹೋದರು. ಎರಡೂ ಬೇರೆ ಬೇರೆ ತಂತ್ರ ಅಂತ ಫೆರಿಸ್ ಕಡೆಯವರು ವಾದಿಸಿದರು, ಕೇಸು ಬಿದ್ದುಹೋಯಿತು.

ಕಡಲ_ಏಡಿ:
ಕೋರ್ಟಲ್ಲಿ ಬಿದ್ದದ್ದೆಲ್ಲ ಸುಳ್ಳಾದರೆ ನಮ್ಮಜ್ಜನ ಗೇಣಿ ಗದ್ದೆಯೂ ಸುಳ್ಳೇ ಆಗಬೇಕು! ತಮಾಷೆ ಬಿಡಿ. ಸುತ್ತುವ ಚಕ್ರ, ನೇತಾಡುವ ಆಸನ, ದುಡ್ಡು ಕೊಟ್ಟು ಕೂರುವ ಜನ. ಬೇರೆ ತಂತ್ರ ಎಲ್ಲಿಂದ ಬಂತು?

ಹಳೇ_ಕಬ್ಬಿಣ:
ಇದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಎತ್ತಿನಗಾಡಿಯ ಚಕ್ರ ನೋಡಿ. ಮರದ ಅರೆಗಳು ದಪ್ಪ. ಯಾಕೆ? ಗಾಡಿಯ ಭಾರ ಅಚ್ಚಿನ ಮೇಲೆ, ಅಚ್ಚು ಕೆಳಗಿನ ಅರೆಯ ಮೇಲೆ ಕೂತಿರುತ್ತದೆ. ಒತ್ತುವ ಭಾರ ತಡೆಯಬೇಕಾದರೆ ದಪ್ಪ ಬೇಕೇ ಬೇಕು. ಇನ್ನು ಸೈಕಲ್ ಕಡ್ಡಿ ನೋಡಿ. ಬೆರಳಲ್ಲಿ ಬಗ್ಗಿಸಬಹುದು, ಆದರೂ ಅಕ್ಕಿ ಮೂಟೆ ಸಮೇತ ಮನುಷ್ಯನನ್ನು ಹೊರುತ್ತದೆ. ಅದು ತಳ್ಳುವುದಿಲ್ಲ, ಎಳೆದು ಹಿಡಿಯುತ್ತದೆ. ತೆಳ್ಳಗಿನ ಉಕ್ಕನ್ನು ಒತ್ತಿದರೆ ಬಾಗುತ್ತದೆ, ಎಳೆದರೆ ಜಗ್ಗುವುದಿಲ್ಲ.

ಫೆರಿಸ್ ಚಕ್ರದ ಕಡ್ಡಿಗಳು ಎರಡೂವರೆ ಅಂಗುಲದ ಸರಳುಗಳು. 250 ಅಡಿ ಚಕ್ರಕ್ಕೆ ಅದು ಕೂದಲೆಳೆ ಇದ್ದ ಹಾಗೆ. ಕೆಳಗಿನ ಅರ್ಧ ಚಕ್ರ ಅಚ್ಚಿನಿಂದ ಆ ಸರಳುಗಳಲ್ಲಿ ನೇತಾಡುತ್ತಿತ್ತು. ಮೇಲಿನ ಅರ್ಧ, ಕಮಾನಿನ ಹಾಗೆ, ಕೆಳಗಿನ ಅರ್ಧದ ಮೇಲೆ ಕೂತಿತ್ತು. ಮೇಲಿನ ಸರಳುಗಳಿಗೆ ಹೊರುವ ಕೆಲಸ ಹೆಚ್ಚೇನೂ ಇಲ್ಲ. ಚಕ್ರ ತಿರುಗಿದಂತೆ ನಿನ್ನೆ ಹೊತ್ತವನಿಗೆ ಇವತ್ತು ಬಿಡುವು. ದೂರದಿಂದ ನೋಡಿದವರಿಗೆ ಈ ಸರಳುಗಳು ಕಾಣುತ್ತಲೇ ಇರಲಿಲ್ಲ, ಅಚ್ಚಿಗೂ ಬಳೆಗೂ ಸಂಬಂಧವೇ ಇಲ್ಲದ ಹಾಗೆ ಚಕ್ರ ಗಾಳಿಯಲ್ಲಿ ನಿಂತಿತ್ತು. ಮೇಳದವರು ಹೆದರಿದ್ದು ಅದಕ್ಕೇ.

ಸೋಮರ್ಸ್‌ರ ಮರದ ಚಕ್ರವನ್ನು ಐದು ಪಟ್ಟು ದೊಡ್ಡದು ಮಾಡಲು ಆಗುತ್ತಿರಲಿಲ್ಲ ಸ್ವಾಮಿ. ತನ್ನ ಭಾರಕ್ಕೆ ತಾನೇ ಮುರಿದು ಬೀಳುತ್ತಿತ್ತು.

ಆದರೆ ನಿಮಗೆ ಒಂದು ಮಾತು ಒಪ್ಪುತ್ತೇನೆ. ಸರಳಿನ ಈ ಲೆಕ್ಕ ಕೂತು ಮಾಡಿದವನು ಫೆರಿಸ್ ಅಲ್ಲ, ಅವನ ಪಾಲುದಾರ ವಿಲಿಯಂ ಗ್ರೋನೌ. ಅಷ್ಟು ದೊಡ್ಡ ಚಕ್ರಕ್ಕೆ ನೋಡಿ ಮಾಡಲು ಹಿಂದಿನ ಲೆಕ್ಕ ಎಲ್ಲೂ ಇರಲಿಲ್ಲ. ಮೊದಲ ಸುತ್ತಿನಲ್ಲಿ ಕೆಳಗೆ ನಿಂತು ನಡುಗಿದವನೂ ಅವನೇ, ಮಾರ್ಗರೆಟ್ ಜೊತೆ ಆ ಮೊದಲ ಡಬ್ಬಿಯಲ್ಲಿ ಕೂತವನೂ ಅವನೇ. ಲೆಕ್ಕ ಹಾಕಿದವನೇ ಮೊದಲು ಹತ್ತಬೇಕು, ಅದು ನಮ್ಮ ಕಸುಬಿನ ಮರ್ಯಾದೆ. ಇವತ್ತು ಗ್ರೋನೌ ಅಂದರೆ ಯಾರಿಗೆ ಗೊತ್ತು?

ಗಣಿತ_ಟೀಚರ್:
ನಿಮ್ಮ ಸೈಕಲ್ ಉದಾಹರಣೆಯಲ್ಲಿ ಒಂದು ಸಣ್ಣ ತಿದ್ದುಪಡಿ ಸಾರ್. ಸೈಕಲ್‌ನಲ್ಲಿ ಭಾರ ಅಚ್ಚಿಗೆ ಬೀಳುತ್ತದೆ, ನೆಲ ರಿಮ್ಮನ್ನು ಹೊರುತ್ತದೆ. ಇಲ್ಲಿ ಉಲ್ಟಾ. ಭಾರ ರಿಮ್ಮಿನ ಸುತ್ತ ಇದೆ, ಹೊರುವುದು ಅಚ್ಚು. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಎತ್ತಿದ ಸೈಕಲ್ ಅಂದುಕೊಂಡರೆ ಸರಿಹೋಗುತ್ತದೆ. ಮಕ್ಕಳಿಗೆ ಪಾಠ ಮಾಡಲು ಇದನ್ನು ಕದಿಯುತ್ತಿದ್ದೇನೆ, ಪೇಟೆಂಟ್ ಕೇಸು ಹಾಕಬೇಡಿ.

ಹಳೇ_ಕಬ್ಬಿಣ:
ಸರಿಯಾಗಿ ಹಿಡಿದಿರಿ ಮೇಡಂ. ಕದಿಯಿರಿ.

ಮಿಡ್‌ವೇ_ಮಂಜ:
ಚಿಕಾಗೋದಿಂದ ನಮಸ್ಕಾರ. ಚಕ್ರ ನಿಂತಿದ್ದ ಜಾಗಕ್ಕೆ ಮಿಡ್‌ವೇ ಪ್ಲೇಸಾನ್ಸ್ ಅಂತಾರೆ, ಈಗ ಅಲ್ಲಿ ಬರೀ ಉದ್ದನೆಯ ಹುಲ್ಲುಗಾವಲು, ಪಕ್ಕದಲ್ಲೇ ಚಿಕಾಗೋ ವಿಶ್ವವಿದ್ಯಾಲಯ. ಕಛೇರಿ ಗೆಳೆಯರಿಗೆ ಇಲ್ಲಿ 26 ಮಹಡಿ ಎತ್ತರದ ಚಕ್ರ ಇತ್ತು ಅಂದರೆ ನಂಬುವುದಿಲ್ಲ.

ಟಿಕೆಟ್ 50 ಸೆಂಟ್. ಇಡೀ ಮೇಳದ ಪ್ರವೇಶಕ್ಕೂ ಅಷ್ಟೇ ದುಡ್ಡು! ಅದಕ್ಕೆ ಎರಡು ಸುತ್ತು, ಒಟ್ಟು 20 ನಿಮಿಷ. ಮೊದಲ ಸುತ್ತಿನಲ್ಲಿ ಆರು ಸಲ ನಿಲ್ಲಿಸಿ ಜನರನ್ನು ಹತ್ತಿಸಿ ಇಳಿಸುವುದು, ಎರಡನೆಯದು ನಿಲ್ಲದೆ ಒಂಬತ್ತು ನಿಮಿಷ. ಮೇಳ ಮುಗಿಯುವಷ್ಟರಲ್ಲಿ 14,53,611 ಟಿಕೆಟ್ ಹೋಗಿತ್ತು.

ಜುಲೈ 9ಕ್ಕೆ ದೊಡ್ಡ ಬಿರುಗಾಳಿ ಬಂತು. ಮಿಡ್‌ವೇನಲ್ಲಿ ಹಗ್ಗ ಕಟ್ಟಿ ಜನರನ್ನು ಮೇಲೆ ಕಳಿಸುತ್ತಿದ್ದ ಬಲೂನು ಚಿಂದಿಯಾಯಿತು. ಚಕ್ರ ಜನರನ್ನು ಹೊತ್ತುಕೊಂಡೇ ತಿರುಗುತ್ತಿತ್ತು, ಏನೂ ಆಗಲಿಲ್ಲ. ನನಗೆ ಇಷ್ಟವಾದ ಕಥೆ ಇನ್ನೊಂದಿದೆ. ಮೇಲೆ ಹೋಗುತ್ತಿದ್ದಂತೆ ಒಬ್ಬನಿಗೆ ಎತ್ತರದ ಹುಚ್ಚು ಭಯ ಹಿಡಿದು ಬಾಗಿಲಿಗೆ ಗೋಡೆಗೆ ಅಪ್ಪಳಿಸಲು ಶುರು ಮಾಡಿದನಂತೆ. ಗಂಡಸರೆಲ್ಲ ಹಿಡಿದರೂ ನಿಲ್ಲಲಿಲ್ಲ. ಒಬ್ಬ ಹೆಂಗಸು ತನ್ನ ಲಂಗ ಬಿಚ್ಚಿ ಅವನ ತಲೆಗೆ ಮುಸುಕು ಹಾಕಿ, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಮಾತಾಡಿಸಿ ಕೆಳಗೆ ಬರುವವರೆಗೂ ಸುಮ್ಮನಿರಿಸಿದಳು.

ಪಂಪ್‌ಸೆಟ್_ಪರಮೇಶಿ:
ಸ್ವಾಮಿ ವಿವೇಕಾನಂದರೂ ಅದೇ 1893ರಲ್ಲಿ ಚಿಕಾಗೋದಲ್ಲೇ ಇದ್ದರಲ್ವಾ? ಅವರೂ ಚಕ್ರ ಹತ್ತಿದ್ದರು ಅಂತ ಒಂದು ವಾಟ್ಸಾಪ್ ಬಂದಿತ್ತು.

ಮಿಡ್‌ವೇ_ಮಂಜ:
ಇದ್ದರು. ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಅಂಗವಾಗಿ, ಸೆಪ್ಟೆಂಬರ್ 11ರಿಂದ. ಆದರೆ ಸಭೆ ಸೇರಿದ್ದು ಮೇಳದ ಮೈದಾನದಲ್ಲಲ್ಲ, ಊರ ನಡುವಿನ ಈಗಿನ ಆರ್ಟ್ ಇನ್ಸ್ಟಿಟ್ಯೂಟ್ ಕಟ್ಟಡದಲ್ಲಿ. ಚಿಕಾಗೋಗೆ ಹೋಗುವ ಮುಂಚಿನ ವರ್ಷ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು ಅನ್ನುವುದೂ ನಿಜ. ಅಷ್ಟು ಸಾಕು ಪರಮೇಶಣ್ಣ. ಅವರನ್ನು ಸುಮ್ನೆ ತೊಟ್ಟಿಲಲ್ಲಿ ಕೂರಿಸಬೇಡಿ.

ಪುಟ್ಟಕ್ಕ_ಹಾಸನ:
ಅಷ್ಟು ದುಡ್ಡು ಬಂತಲ್ಲ, ಫೆರಿಸ್ ಕೋಟ್ಯಧೀಶನಾಗಿರಬೇಕು?

ಮಿಡ್‌ವೇ_ಮಂಜ:
ಇಲ್ಲ ಅಕ್ಕ. ಟಿಕೆಟ್ಟಿನಿಂದ 7 ಲಕ್ಷ ಡಾಲರಿಗೂ ಜಾಸ್ತಿ ಬಂತು. ಆದರೆ ಚಕ್ರ ಕಟ್ಟಿದ ಖರ್ಚು ತೀರಿದ ಮೇಲೆ ಉಳಿದದ್ದರಲ್ಲಿ ಮೇಳದವರಿಗೂ ಪಾಲು. ಅದರ ಲೆಕ್ಕಕ್ಕೆ ಜಗಳ, ಕೋರ್ಟು. ಮೇಳ ಅಕ್ಟೋಬರ್ 30ಕ್ಕೆ ಮುಗಿಯಿತು. ಅಷ್ಟು ದೊಡ್ಡ ಚಕ್ರವನ್ನು ಆಮೇಲೆ ಎಲ್ಲಿಡುವುದು? ಬಿಚ್ಚಿ, ಊರಿನ ಉತ್ತರಕ್ಕೆ ಲಿಂಕನ್ ಪಾರ್ಕ್ ಹತ್ತಿರ ನಿಲ್ಲಿಸಿದರು. ಅಕ್ಕಪಕ್ಕದ ಮನೆಯವರಿಗೆ ಇಷ್ಟವಿಲ್ಲ, ಗಲಾಟೆ. ಮೇಳದಲ್ಲಿ ಬಂದ ಜನ ಇಲ್ಲಿಗೆ ಬರಲಿಲ್ಲ. ಲೂಮಿಯೇರ್ ಸಹೋದರರ ಕಡೆಯವರು 1896ರಲ್ಲಿ ಈ ಚಕ್ರದ ಚಲನಚಿತ್ರ ತೆಗೆದರು, ಒಂದೇ ನಿಮಿಷದ್ದು. ಅದು ತಿರುಗುವುದನ್ನು ಇವತ್ತಿಗೂ ನೋಡಬಹುದು.

ಫೆರಿಸ್ ಸಾಲದಲ್ಲಿ ಮುಳುಗಿದ. ಹೆಂಡತಿ ಬಿಟ್ಟು ಹೋದಳು. 1896ರ ನವೆಂಬರ್ 22ರಂದು ಪಿಟ್ಸ್‌ಬರ್ಗಿನ ಆಸ್ಪತ್ರೆಯಲ್ಲಿ ಟೈಫಾಯ್ಡ್‌ನಿಂದ ಸತ್ತ. 37 ವರ್ಷ. ಸುಟ್ಟ ಖರ್ಚು ಕೊಡುವವರಿಲ್ಲದೆ ಬೂದಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಚಿತಾಗಾರದಲ್ಲಿ ಕೂತಿತ್ತು.

ಪುಟ್ಟಕ್ಕ_ಹಾಸನ:
ಅಯ್ಯೋ ಪಾಪ.

ಕಡಲ_ಏಡಿ:
ಹೀಗೆ ಅಂತ ಗೊತ್ತಿರಲಿಲ್ಲ. ಬೈದದ್ದರಲ್ಲಿ ಅರ್ಧ ವಾಪಸ್ ತಗೊಂಡೆ. ಇನ್ನರ್ಧ ಸೋಮರ್ಸ್‌ಗಾಗಿ ಇಟ್ಟುಕೊಂಡಿದ್ದೇನೆ.

ಹಳೇ_ಕಬ್ಬಿಣ:
ಚಕ್ರದ ಕೊನೆಯನ್ನೂ ಹೇಳಿಬಿಡುತ್ತೇನೆ. 1903ರಲ್ಲಿ ಗುಜರಿಯವರ ಪಾಲಾಯಿತು. ಅವರು ಬುದ್ಧಿವಂತರು, ಒಡೆಯಲಿಲ್ಲ. 1904ರ ಸೇಂಟ್ ಲೂಯಿಸ್ ಮೇಳಕ್ಕೆ ಒಯ್ದು ಮತ್ತೆ ನಿಲ್ಲಿಸಿ ದುಡ್ಡು ಮಾಡಿದರು. 1906ರ ಮೇ 11ರಂದು ಡೈನಮೈಟ್ ಇಟ್ಟು ಬೀಳಿಸಿದರು. ಕೆಳಗಿನ ಕಾಲು ಹಾರಿದ ಮೇಲೂ ಚಕ್ರ ತಕ್ಷಣ ಬೀಳದೆ ನಿಧಾನವಾಗಿ ವಾಲಿತಂತೆ. ಆ 40 ಟನ್ನಿನ ಅಚ್ಚಿನ ಬಗ್ಗೆ ಸೇಂಟ್ ಲೂಯಿಸ್‌ನವರು ಇವತ್ತಿಗೂ ಜಗಳವಾಡುತ್ತಾರೆ. ಅಲ್ಲೇ ಪಾರ್ಕಿನ ಹತ್ತಿರ ಹೂತಿದೆ ಅಂತ ಒಂದು ಗುಂಪು, ಕತ್ತರಿಸಿ ಗುಜರಿಗೆ ಹಾಕಿದರು ಅಂತ ಇನ್ನೊಂದು. ನಾನು ಗುಜರಿ ಪಕ್ಷ. ಅಷ್ಟು ಒಳ್ಳೆಯ ಉಕ್ಕನ್ನು ಯಾವ ಗುಜರಿಯವನೂ ಹೂಳುವುದಿಲ್ಲ.

ವಿಯೆನ್ನಾ_ವಾಸು:
ಆ ಕಾಲದ ಚಕ್ರ ಈಗಲೂ ನೋಡಬೇಕು ಅಂದರೆ ನಮ್ಮಲ್ಲಿಗೆ ಬನ್ನಿ. ವಿಯೆನ್ನಾದ ಪ್ರಾಟರ್ ಪಾರ್ಕಿನ ರೀಸೆನ್‌ರಾಡ್, 1897ರದ್ದು, ಎತ್ತರ ಸುಮಾರು 65 ಮೀಟರ್. ಕಟ್ಟಿಸಿದವರು ವಾಲ್ಟರ್ ಬ್ಯಾಸೆಟ್ ಎಂಬ ಇಂಗ್ಲಿಷ್ ನೌಕಾಪಡೆಯ ಎಂಜಿನಿಯರ್. ಲಂಡನ್ನಿನ ಅರ್ಲ್ಸ್ ಕೋರ್ಟ್, ಬ್ಲ್ಯಾಕ್‌ಪೂಲ್, ಆಮೇಲೆ ಪ್ಯಾರಿಸ್, ಎಲ್ಲ ಕಡೆ ಅವರದ್ದೇ ಚಕ್ರಗಳು ಎದ್ದವು. ಇದೊಂದೇ ಉಳಿದದ್ದು. ತಮಾಷೆ ಅಂದರೆ ಬ್ಯಾಸೆಟ್ ಕೈಕೆಳಗೆ ಈ ಚಕ್ರಗಳ ನಕ್ಷೆ ಮಾಡಿದ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬಾತ ಆಮೇಲೆ ವ್ಯಾಕ್ಯೂಮ್ ಕ್ಲೀನರ್ ಮಾಡಿ ಹೆಸರಾದ.

ಇದು ಉಳಿದದ್ದೂ ಒಂದು ವಿಚಿತ್ರ. 1916ರಲ್ಲೇ ಕೆಡವಲು ಅನುಮತಿ ಸಿಕ್ಕಿತ್ತು, ಕೆಡವಲು ದುಡ್ಡಿರಲಿಲ್ಲ! ಆಮೇಲೆ ಎಡ್ವರ್ಡ್ ಸ್ಟೈನರ್ ಎಂಬುವವರು ಕೊಂಡರು. ಅವರು ಯೆಹೂದಿ. ನಾಜಿಗಳು ಚಕ್ರ ಕಿತ್ತುಕೊಂಡರು, 1944ರಲ್ಲಿ ಅವರನ್ನು ಆಶ್ವಿಟ್ಸ್‌ನಲ್ಲಿ ಕೊಂದರು. ಅದೇ ವರ್ಷ ಯುದ್ಧದ ಬೆಂಕಿಯಲ್ಲಿ ಚಕ್ರವೂ ಸುಟ್ಟಿತು. 1947ರಲ್ಲಿ ಮತ್ತೆ ತಿರುಗಿಸಿದರು. ಮೊದಲು 30 ಡಬ್ಬಿ ಇದ್ದವು, ಬಲ ಸಾಲದು ಅಂತ 15 ಮಾತ್ರ ಕಟ್ಟಿದರು. ಇವತ್ತಿಗೂ 15. ಒಂದು ಬಿಟ್ಟು ಒಂದು ಜಾಗ ಖಾಲಿ. ಮೊದಲ ಸಲ ನೋಡಿದಾಗ ಡಬ್ಬಿ ರಿಪೇರಿಗೆ ಹೋಗಿರಬೇಕು ಅಂದುಕೊಂಡಿದ್ದೆ.

ಪಂಪ್‌ಸೆಟ್_ಪರಮೇಶಿ:
ಮೇಲೆ ಸಿಕ್ಕಿಹಾಕಿಕೊಂಡವರು ಯಾರಾದರೂ ಇದ್ದೀರಾ? ನಾನು ಪಿಯುಸಿಯಲ್ಲಿದ್ದಾಗ ಒಂದು ಹಳ್ಳಿ ಜಾತ್ರೆಯಲ್ಲಿ ಡೀಸೆಲ್ ಎಂಜಿನ್ ಕೈಕೊಟ್ಟು ಮುಕ್ಕಾಲು ಗಂಟೆ ತುದಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಅಜ್ಜ ಎಲೆ ಅಡಿಕೆ ಕೊಟ್ಟ. ಕೊನೆಗೆ ಹುಡುಗರು ಬಳೆ ಹಿಡಿದು ಜೋತುಬಿದ್ದು ಒಂದೊಂದೇ ತೊಟ್ಟಿಲು ಇಳಿಸಿದರು. ದುಡ್ಡು ವಾಪಸ್ ಕೇಳಿದ್ದಕ್ಕೆ, ಜಾಸ್ತಿ ಹೊತ್ತು ಕೂರಿಸಿದ್ದೀವಲ್ಲ ಅಂದ!

ವಿಯೆನ್ನಾ_ವಾಸು:
ಅರ್ಲ್ಸ್ ಕೋರ್ಟಿಗೆ ಹೋಗಬೇಕಿತ್ತು ನೀವು. 1896ರಲ್ಲಿ ಆ ಚಕ್ರ ಕೆಟ್ಟು ಜನ ಗಂಟೆಗಟ್ಟಲೆ ಮೇಲೆ ಸಿಕ್ಕಿಕೊಂಡರು. ಇಳಿದವರಿಗೆ ತಲಾ ಐದು ಪೌಂಡ್ ಕೊಟ್ಟರು. ಆ ಕಾಲಕ್ಕೆ ಸಣ್ಣ ದುಡ್ಡಲ್ಲ. ಮರುದಿನ ಕ್ಯೂ ಇನ್ನೂ ಉದ್ದವಾಯಿತಂತೆ, ಇವತ್ತೂ ಕೆಡಲಿ ದೇವರೇ ಅಂತ.

ಹಳೇ_ಕಬ್ಬಿಣ:
ಕೋನಿ ಐಲೆಂಡಿನಲ್ಲಿ 1920ರಿಂದ ತಿರುಗುತ್ತಿರುವ ವಂಡರ್ ವೀಲ್ ಕೂಡ 1977ರಲ್ಲಿ ನ್ಯೂಯಾರ್ಕಿಗೇ ಕರೆಂಟ್ ಹೋದಾಗ ನಿಂತಿತ್ತು. ಪರಮೇಶಿಯವರ ಹಾಗೇ ಕೈಯಲ್ಲಿ ತಿರುಗಿಸಿ ಇಳಿಸಿದರು. ಅದರ 24 ಡಬ್ಬಿಗಳಲ್ಲಿ 16 ಹಳಿಯ ಮೇಲೆ ಒಳಗೂ ಹೊರಗೂ ಜಾರುತ್ತವೆ. ಚಾರ್ಲ್ಸ್ ಹರ್ಮನ್ ಎಂಬುವವನ ತಲೆಯ ಕೂಸು. ನಾನು ಮಾತ್ರ ಉಳಿದ 8ರಲ್ಲೇ ಕೂರುವವನು.

ಈಗ ಪರಮೇಶಿಯವರಿಗೆ ಸಾಲ ಇಟ್ಟಿದ್ದ ಜಾಯಿಂಟಿನ ಕಥೆ. ತಂಗಿ, ಇದನ್ನು ಹುಡುಗನಿಗೆ ಓದಿ ಹೇಳು.

ಫೆರಿಸ್ ಚಕ್ರವನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಒಯ್ಯುವುದು ಅಂದರೆ ಒಂದು ಊರನ್ನೇ ಒಯ್ದ ಹಾಗೆ. ಅದನ್ನು ಹಳ್ಳಿಯವನು ಎಲ್ಲಿ ನೋಡಬೇಕು? 1893ರಲ್ಲಿ ಆ ಚಕ್ರ ಹತ್ತಿದವರಲ್ಲಿ ವಿಲಿಯಂ ಸಲಿವನ್ ಅಂತ ಒಬ್ಬರಿದ್ದರು, ಇಲಿನಾಯ್‌ನ ರೂಡ್‌ಹೌಸ್ ಊರಿನ ಸೇತುವೆ ಕಂತ್ರಾಟುದಾರ. ಅವರ ತಲೆಗೂ ಚಕ್ರ ಹೊಕ್ಕಿತು. ಹೆಂಡತಿ ಮಕ್ಕಳು, ನೆರೆಯವರು ಏನೆಂದರೋ, ಏಳು ವರ್ಷ ಬಿಡಲಿಲ್ಲ. ಜೇಮ್ಸ್ ಕ್ಲೆಮೆಂಟ್ಸ್ ಎಂಬ ಮೆಕ್ಯಾನಿಕ್ ಜೊತೆ ಸೇರಿ ಚಿಕ್ಕ ಚಕ್ರ ಮಾಡಿದರು. 45 ಅಡಿ, 12 ಆಸನ. ಬಿಚ್ಚಿ ಗಾಡಿಗೆ ಹೇರಿ ಮುಂದಿನ ಊರಿಗೆ ಒಯ್ಯಬಹುದು. 1900ರ ಮೇ 23ರಂದು ಜಾಕ್ಸನ್‌ವಿಲ್ ಊರಿನ ನಡುವಿನ ಪಾರ್ಕಿನಲ್ಲಿ ಅದು ಮೊದಲ ಸಲ ತಿರುಗಿತು. ಹೆಸರು ಬಿಗ್ ಎಲೈ. ಕಂಪನಿಯ ಹೆಸರು ಎಲೈ ಬ್ರಿಡ್ಜ್. ಚಕ್ರ ಮಾಡುವ ಕಂಪನಿಯ ಹೆಸರಿನಲ್ಲಿ ಸೇತುವೆ ಯಾಕೆ ಅಂದರೆ ಇದೇ ಕಾರಣ. ಆ ಕಂಪನಿ ಜಾಕ್ಸನ್‌ವಿಲ್‌ನಲ್ಲಿ ಈಗಲೂ ಇದೆ.

ನಾನು ಜಾತ್ರೆಗೆ ಹೋದರೆ ಕೂರುವುದಕ್ಕಿಂತ ಜಾಸ್ತಿ ಹೊತ್ತು ಕೆಳಗೆ ನಿಂತು ನೋಡುತ್ತೇನೆ. ಎರಡು ಕಡೆ ಎರಡು ಬಳೆ, ನಡುವೆ ಸರಳಿಗೆ ನೇತುಹಾಕಿದ ತೆರೆದ ತೊಟ್ಟಿಲು, ಬಳೆಗೆ ಸುತ್ತಿದ ತಂತಿ ಹಗ್ಗ, ಪಕ್ಕದಲ್ಲಿ ಎಂಜಿನ್, ಜೋಡಣೆಗೆ ಪಿನ್ನು. ಇದು ಸಲಿವನ್ ಜಾತಿಯ ಚಕ್ರ. ಫೆರಿಸ್‌ನ ನಿಜವಾದ ವಂಶ ಲಂಡನ್ ಐ, ಸಿಂಗಾಪುರ ಫ್ಲೈಯರ್, ದುಬೈನ 250 ಮೀಟರಿನ ಚಕ್ರ. ದುಬೈಗೆ ಹೋದವರು ಕೂತು ಬನ್ನಿ. ನನಗೆ ಅದರಲ್ಲಿ ಆಸೆ ಇಲ್ಲ, ಎಸಿ ಡಬ್ಬಿಯಲ್ಲಿ ಕೂತರೆ ಗಾಳಿ ಎಲ್ಲಿ ಬಡಿಯುತ್ತದೆ?

ಗಣಿತ_ಟೀಚರ್:
ಎಲ್ಲರೂ ಅಮ್ಮಮ್ಮನನ್ನು ಮರೆತಿರಿ! ಅವರ ಪ್ರಶ್ನೆಯೇ ಮೊದಲಿನದು. ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ 1620ರಲ್ಲಿ, ಆಗ ತುರ್ಕರ ಆಳ್ವಿಕೆಯಲ್ಲಿದ್ದ ಈಗಿನ ಬಲ್ಗೇರಿಯಾದ ಪ್ಲೊವ್ಡಿವ್ ಊರಿನಲ್ಲಿ ಇಂಥದ್ದೇ ಚಕ್ರ ನೋಡಿ ಬರೆದಿಟ್ಟಿದ್ದಾರೆ. ಸುತ್ತ ಸಣ್ಣ ಆಸನ ನೇತುಹಾಕಿ ಮಕ್ಕಳನ್ನು ಕೂರಿಸಿದ್ದರಂತೆ. ಚಕ್ರ ಹೇಗೇ ತಿರುಗಿದರೂ ಮಕ್ಕಳು ಮಾತ್ರ ನೆಟ್ಟಗೇ ಕೂತಿರುತ್ತಾರೆ ಅನ್ನುವುದು ಅವರಿಗೆ ದೊಡ್ಡ ಆಶ್ಚರ್ಯ. ಇದು ಫೆರಿಸ್‌ಗಿಂತ 273 ವರ್ಷ ಹಿಂದೆ. ಮಂಡಿಯವರು ಆಮೇಲೆ ಈಸ್ಟ್ ಇಂಡಿಯಾ ಕಂಪನಿ ಕೆಲಸಕ್ಕೆ ಭಾರತಕ್ಕೂ ಬಂದರು, ಸೂರತ್, ಆಗ್ರಾ ಎಲ್ಲ ಸುತ್ತಿದರು. ನೀರೆತ್ತುವ ಚಕ್ರ ಇದ್ದ ಊರಲ್ಲೆಲ್ಲ ಯಾವನೋ ಬಡಗಿಗೆ ಗಡಿಗೆಯ ಜಾಗದಲ್ಲಿ ಮಗುವನ್ನು ಕೂರಿಸುವ ಯೋಚನೆ ಬಂದಿರಬೇಕು ಅಂತ ನನ್ನ ಅನಿಸಿಕೆ.

ಕಡಲ_ಏಡಿ:
ಹಾಗಾದರೆ ಸೋಮರ್ಸ್‌ದೂ ಸ್ವಂತದ್ದಲ್ಲ ಅಂತಾಯಿತು. ಉಳಿದ ಅರ್ಧವನ್ನೂ ವಾಪಸ್ ತಗೊಂಡೆ. ನಾನು ಮಲಗುತ್ತೇನೆ.

ಶಿರಸಿ_ಹುಡುಗಿ:
ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಪೂರ್ತಿ ಅಮ್ಮಮ್ಮನಿಗೂ ಹುಡುಗನಿಗೂ ಓದಿ ಹೇಳಿದೆ. ಬಡಗಿಯ ಮಾತಿಗೆ ಅಮ್ಮಮ್ಮ ತಲೆ ಆಡಿಸಿದರು. ಫೆರಿಸ್‌ನ ಬೂದಿಯ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರ ಜಾತ್ರೆಯ ಮರದ ತೊಟ್ಟಿಲಿನದ್ದು ಇನ್ನಷ್ಟು ನೆನಪು ಮಾಡಿಕೊಂಡರು. ಅಚ್ಚಿಗೆ ಹರಳೆಣ್ಣೆ ಹಚ್ಚುತ್ತಿದ್ದರಂತೆ, ಹಚ್ಚದಿದ್ದರೆ ಕಿರ್‍ರೋ ಅಂತ ದೇವಸ್ಥಾನದವರೆಗೂ ಕೇಳಿಸುತ್ತಿತ್ತಂತೆ. ತಿರುಗಿಸುವವರಿಗೆ ದುಡ್ಡಿನ ಬದಲು ಬೆಲ್ಲ, ಭತ್ತ ಕೊಟ್ಟರೂ ನಡೆಯುತ್ತಿತ್ತಂತೆ.

ಹುಡುಗನಿಗೆ ಗ್ರೋನೌ ಇಷ್ಟವಾದ. ಬೆಳಿಗ್ಗೆ ಎದ್ದವನೇ ಸೈಕಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರದ ಕಡ್ಡಿಗೆ ಬೆಂಕಿಪೊಟ್ಟಣ ಕಟ್ಟಿ, ಒಳಗೆ ಇರುವೆ ಬಿಟ್ಟು ತಿರುಗಿಸುತ್ತಿದ್ದಾನೆ. ಪೊಟ್ಟಣ ನೆಟ್ಟಗೆ ನಿಲ್ಲುತ್ತಿಲ್ಲ, ತಲೆಕೆಳಗಾಗುತ್ತಿದೆ. ಹೇಗೆ ಕಟ್ಟಬೇಕು ಅಂತ ಕಬ್ಬಿಣ ಅಜ್ಜನ ಹತ್ತಿರ ಕೇಳು ಅಂತಿದ್ದಾನೆ.

ಹಳೇ_ಕಬ್ಬಿಣ:
ದಾರದಲ್ಲಿ ಬಿಗಿದು ಕಟ್ಟಬಾರದು ಮರೀ. ಪೊಟ್ಟಣದ ಮೇಲಿನ ಅಂಚಿನ ಹತ್ತಿರ ಆಚೆಯಿಂದ ಈಚೆಗೆ ಒಂದು ಪಿನ್ನು ತೂರಿಸು, ಪಿನ್ನಿನಲ್ಲಿ ಅದು ಸಡಿಲವಾಗಿ ಆಡಬೇಕು. ತಳಕ್ಕೆ ಒಂದು ಸಣ್ಣ ಕಲ್ಲು ಹಾಕು. ಆಗ ತಾನಾಗೇ ನೆಟ್ಟಗಾಗುತ್ತದೆ. ಇರುವೆಯನ್ನು ಎರಡು ಸುತ್ತಿಗೆ ಇಳಿಸಿಬಿಡು.